ಒದ್ದೆ ಬಟ್ಟೆಯ ವಿಳಾಸ

ಅಶ್ವತ್ಥಮ್ಮ ನಮ್ಮ ಹೆಸರುಮನೆಗೆ ಮೊದಲ ಸಲ ಬಂದಾಗ ಅವರ ಕೈಯಲ್ಲಿ ಅರ್ಜಿ ಇರಲಿಲ್ಲ, ಒದ್ದೆ ಬಟ್ಟೆಯ ಗಂಟೊಂದಿತ್ತು. ಬಾಗಿಲಿನಿಂದ ನನ್ನ ಮೇಜಿನವರೆಗೂ ನೀರು ತೊಟ್ಟಿಕ್ಕಿತ್ತು. ನೆಲ ಒರೆಸುವ ಯಂತ್ರ ಗೊಣಗುತ್ತ ಅವರ ಬೆನ್ನು ಹತ್ತಿ ಬಂತು. ಅರವತ್ತು ದಾಟಿದ ಹೆಂಗಸು. ಬೆರಳ ತುದಿಗಳು ನೀರಲ್ಲಿ ನೆನೆದು ಬೆಳ್ಳಗಾಗಿದ್ದವು. ಗಂಟನ್ನು ಯಾವ ಸಂಕೋಚವೂ ಇಲ್ಲದೆ ನನ್ನ ಕೀಲಿಮಣೆಯ ಪಕ್ಕದಲ್ಲಿಟ್ಟರು.

“ಇಲ್ಲಿ ಎಸ್ರು ಬರ್ಕೊಳ್ತಾರಂತಲ್ಲಮ್ಮಾ. ನಾವು ಬಟ್ಟೆ ಒಗ್ಯೋ ಮಡಿಕಟ್ಟೇದೂ ಬರ್ಕೊಳಿ.”

“ಯಾವ ಲಿಪಿಯಲ್ಲಿ? ಕನ್ನಡವೋ, ತೆಲುಗೋ?”

“ಲಿಪಿ ಗಿಪಿ ಏನಿಲ್ಲ. ಗುರ್ತು.”

ಗಂಟು ಬಿಚ್ಚಿ ಒಂದು ದಿಂಬಿನ ಚೀಲದ ಮೂಲೆ ತಿರುವಿ ತೋರಿಸಿದರು. ಕರಿಗೇರಿನ ರಸದಲ್ಲಿ ಬರೆದ ಕಪ್ಪು ಗೆರೆಗಳು: ಒಂದು ಕೊಂಡಿ, ಎರಡು ಗೀಟು, ಪಕ್ಕದಲ್ಲಿ ಮೂರು ಚುಕ್ಕೆ. ಅಗಸರು ಬಟ್ಟೆ ಅದಲುಬದಲಾಗದಿರಲೆಂದು ಹಾಕುವ ಗುರುತು. ನಾನು ಹನ್ನೊಂದು ವರ್ಷದಲ್ಲಿ ನಲವತ್ತು ಲಿಪಿಗಳನ್ನು ಪರೀಕ್ಷೆ ಮಾಡಿದವಳು. ಆ ಜಂಬದಲ್ಲಿ, ಈಯಮ್ಮನನ್ನು ಯಾರೋ ತಮಾಷೆಗೆ ಕಳಿಸಿದ್ದಾರೆ ಅಂದುಕೊಂಡೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಮರೆಮಾಚಲು ಆಗುವುದಿಲ್ಲ.

ಹೆಸರುಮನೆ ಅಂದರೆ ಏನೆಂದು ಎರಡು ಮಾತು. ಜಾಲದಲ್ಲಿ ಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕೆಗಳಿಂದ; ಮನುಷ್ಯರಿಗೆ ನೆನಪಿರುವುದು ಹೆಸರು. ಈ ಹೆಸರಿಗೆ ಆ ಅಂಕೆ ಎಂದು ಜೋಡಿಸಿ ಕೊಡುವ ಒಂದು ಮೂಲಪಟ್ಟಿ ಜಗತ್ತಿಗೆಲ್ಲ ಇದೆ. ಬಹಳ ಕಾಲ ಅದರಲ್ಲಿ ಇಂಗ್ಲಿಷ್ ಅಕ್ಷರಗಳು ಮಾತ್ರ ಇದ್ದವು. ಆಮೇಲೆ ಅರಬ್ಬಿ, ಚೀನಿ, ತಮಿಳು, ಕನ್ನಡ ಎಲ್ಲ ಬಂದವು. ನನ್ನ ಕಾಲಕ್ಕೆ ಪಟ್ಟಿಯ ಬಾಗಿಲು ಪೂರ್ತಿ ತೆರೆದಿತ್ತು. ಒಂದು ಸಮುದಾಯ ಒಂದೇ ರೀತಿ ಓದಬಲ್ಲ ಯಾವ ಚಿಹ್ನೆಯಾದರೂ ವಿಳಾಸವಾಗಬಹುದು. ಕೆ.ಜಿ.ಎಫ್.ನ ಹಳೆಯ ಗಣಿ ಕಚೇರಿಯಲ್ಲಿ ಕುಳಿತು ನಾವು ಅಂಥ ಅರ್ಜಿಗಳನ್ನು ಜರಡಿ ಹಿಡಿಯುತ್ತಿದ್ದೆವು. ಚಿನ್ನ ತೆಗೆಯುತ್ತಿದ್ದ ಜಾಗದಲ್ಲಿ ಈಗ ಹೆಸರು ತೆಗೆಯುತ್ತಾರೆ ಎಂದು ಊರಿನವರು ನಗುತ್ತಿದ್ದರು.

ನಿಯಮ ಬಿಗಿ. ಬೇಡಿದ ಹೆಸರನ್ನು ಹೋಲುವ ಚಿಹ್ನೆ ಪಟ್ಟಿಯಲ್ಲಿ ಬೇರೆಲ್ಲೂ ಇರಕೂಡದು. ಇದ್ದರೆ ಅದರ ಒಡೆಯರು ಒಪ್ಪಬೇಕು. ಹತ್ತು ಚಿಹ್ನೆಗಳನ್ನು ಮೂವರು ಓದುಗರು, ಒಬ್ಬರಿಗೊಬ್ಬರು ಸುಳಿವು ಕೊಡದೆ, ಹತ್ತಕ್ಕೆ ಹತ್ತೂ ಒಂದೇ ರೀತಿ ಓದಬೇಕು. ಮೂವರಲ್ಲಿ ಒಬ್ಬರು ಹೊರಗಿನ ಊರಿನವರಾಗಿರಬೇಕು. ಒಮ್ಮೆ ಸೋತರೆ ಹತ್ತು ವರ್ಷ ಮತ್ತೆ ಅರ್ಜಿ ಇಲ್ಲ.

“ನಿಮಗೆ ಇದು ಯಾಕೆ ಬೇಕಮ್ಮ?” ಎಂದೆ.

“ಆಸ್ಪತ್ರೆ ಬಟ್ಟೆ, ಆಸ್ಟೆಲ್ ಬಟ್ಟೆ ಎಲ್ಲಾ ಈಗ ಆಳಿಲ್ದ ಗಾಡೀಲಿ ಬತ್ತವೆ. ಯುಗಾದಿಯಿಂದ ಗಾಡಿ ಪಟ್ಟೀಲಿರೋ ವಿಳಾಸ ಇದ್ರೆ ಮಾತ್ರ ಮುಟ್ತದಂತೆ. ಗಾಡಿ ಕಂಪ್ನಿಯೋರು ಬಂದು ಅವ್ರ ಚೀಟಿ ಅಂಟಿಸ್ಕೊಳಿ ಅಂತವ್ರೆ. ಅಂಟಿಸ್ಕೊಂಡ್ರೆ ಬಟ್ಟೆ ಅವ್ರದು, ಕಟ್ಟೆ ಅವ್ರದು, ನಾವೂ ಅವ್ರ ಆಳು. ಮೂವತ್ತೆಂಟು ಮನೆ ಐತಮ್ಮ ಕಟ್ಟೇಲಿ.” ಗಂಟು ಮತ್ತೆ ಕಟ್ಟುತ್ತ, “ನಮ್ ಗುರ್ತು ಇದ್ದಂಗೇ ನಮ್ದು ಅನ್ನಿಸ್ಕೋಬೇಕು. ಅಷ್ಟೇ ಆಸೆ,” ಎಂದರು.

ಎದ್ದು ಹೋಗುವಾಗ, “ಸೊಸೇನ ಕರ್ಕೊಂಡು ಬತ್ತೀನಿ. ಕಲ್ಲು ಒಣಗೋದ್ರೊಳ್ಗೆ ಬತ್ತೀನಿ,” ಅಂದರು.

“ಯಾವ ಕಲ್ಲು?”

“ಅಯ್ಯೋ, ಅದು ನಮ್ ಕಡೆ ಮಾತು. ಬೇಗ ಬತ್ತೀನಿ ಅಂತ.”

ಮೊದಲ ದಿನದ ತಾಲೀಮು ನಗೆಪಾಟಲಾಯಿತು. ಗುರುತುಗಳನ್ನು ಅಚ್ಚುಕಟ್ಟಾಗಿ ಬಿಡಿಸಿ ಪರದೆಯ ಮೇಲೆ ಒಂದೊಂದಾಗಿ ತೋರಿಸಿದೆ. ಅಶ್ವತ್ಥಮ್ಮ ಕಣ್ಣು ಕಿರಿದು ಮಾಡಿ, ಕತ್ತು ಓರೆ ಮಾಡಿ, ಕೊನೆಗೆ ನನ್ನನ್ನೇ ನೋಡಿದರು. ಸೊಸೆ ವೆಂಕಟಲಕ್ಷ್ಮಿಯೂ ಪಕ್ಕದ ಕೋಣೆಯಲ್ಲಿ ಹಾಗೇ ಕುಳಿತಿದ್ದಳು. ಒಂದೂ ಓದಲಿಲ್ಲ.

“ಗೊತ್ತಾಗ್ತಿಲ್ವಾ?”

“ಇದು ಬಟ್ಟೆಯಲ್ವಲ್ಲಮ್ಮಾ.”

“ಗೆರೆ ಅದೇ ಅಲ್ಲವೇ?”

“ನೀರಲ್ಲಿ ನೆಂದಿಲ್ಲ. ಕೈಗೆ ಸಿಕ್ತಿಲ್ಲ. ಒಣಗಿದ್ ಬಟ್ಟೆ ಯಾರ್ದೂಂತ ಮಡಿಸೋ ಕೈಗೇ ಗೊತ್ತಾಯ್ತದೆ, ಅದುಕ್ಕೆ ಗುರ್ತು ಯಾಕೆ? ಗುರ್ತು ಓದೋದು ಕಲ್ಲಿನ್ ಮುಂದೆ, ಒದ್ದೆಯಾಗಿದ್ದಾಗ.”

ನಮ್ಮ ಮುಖ್ಯಸ್ಥ ದೇಶಪಾಂಡೆ ಧಾರವಾಡದವರು, ನಿಯಮದ ಮನುಷ್ಯ. ಗಾಜಿನಾಚೆಯಿಂದ ಎಲ್ಲ ನೋಡುತ್ತಿದ್ದರು. “ಇಂದುಮತಿ ಅವರ, ಲಿಪಿ ಅಂದಮ್ಯಾಲ ಎಲ್ಲೆ ಬರದ್ರೂ ಓದಾಕ ಬರಬೇಕಲ್ರೀ?” ಎಂದರು. ನಾನೂ ತಲೆಯಾಡಿಸಿದೆ. ಅವರ ಮಾತು ನಿಯಮಕ್ಕೆ ಸರಿಯಾಗಿತ್ತು.

ಆ ಸಂಜೆ ಮನೆಯಲ್ಲಿ ಬೀರು ತೆಗೆದೆ. ಅಮ್ಮ ತೀರಿಕೊಂಡ ಮೇಲೆ ನಾನು ತಂದಿಟ್ಟುಕೊಂಡ ಒಂದು ಹತ್ತಿ ಸೀರೆ ಅಡಿಯಲ್ಲಿತ್ತು. ಸುಮ್ಮನೆ ಅಂಚು ತಿರುವಿದೆ. ಒಳಮೂಲೆಯಲ್ಲಿ ಒಂದು ಕೊಂಡಿ, ಒಂದಿಷ್ಟು ಗೀಟು, ಚುಕ್ಕೆ, ಚುಕ್ಕೆಯ ಸುತ್ತ ಒಂದು ಸುಳಿ. ಚಿಕ್ಕಂದಿನಲ್ಲಿ ಇದನ್ನು ಕಲೆ ಎಂದುಕೊಂಡು ಅಮ್ಮನ ಮಡಿಲಲ್ಲಿ ಕುಳಿತು ಉಗುರಿನಿಂದ ಕೆರೆದದ್ದು ನೆನಪಾಯಿತು. ನಮ್ಮದು ಆಂಡರ್ಸನ್‌ಪೇಟೆ. ಆಗ ಬಟ್ಟೆ ಒಯ್ಯಲು ಯಾರೋ ಬರುತ್ತಿದ್ದರು. ಅವರ ಮುಖವೂ ನೆನಪಿಲ್ಲ.

ಮರುದಿನ ಸೀರೆ ಹಿಡಿದುಕೊಂಡು ಬೇತಮಂಗಲದ ಹಾದಿಯಲ್ಲಿರುವ ಮಡಿಕಟ್ಟೆಗೆ ಹೋದೆ. ಹನ್ನೆರಡು ಒಗೆಯುವ ಕಲ್ಲುಗಳು ಸಾಲಾಗಿದ್ದವು. ಬಟ್ಟೆ ಬೇಯಿಸುವ ಉಬ್ಬೆಯ ಹಂಡೆಗಳಿಂದ ಹಬೆ ಏಳುತ್ತಿತ್ತು. ಅಶ್ವತ್ಥಮ್ಮ ಸೀರೆಯ ಅಂಚನ್ನು ನೀರಲ್ಲಿ ಅದ್ದಿ, ಹಿಂಡಿ, ಹೆಬ್ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಸವರಿದರು. ಕಣ್ಣು ಎಲ್ಲೋ ಇತ್ತು.

“ನಮ್ ಕಟ್ಟೇದೇ. ಮೂರನೇ ಕಲ್ಲು, ಅಂದ್ರೆ ನಮ್ಮತ್ತೆ ಒಗ್ದಿದ್ದು. ಮೇಷ್ಟ್ರ ಮನೆ. ಎರಡ್ನೇ ಸೊಸೆ ಸೀರೆ.” ಬೆರಳು ಸುಳಿಯ ಮೇಲೆ ನಿಂತಿತು. ಮುಖ ಮೆತ್ತಗಾಯಿತು. “ಬಾಣಂತಿ ಸೀರೆ ಕಣಮ್ಮ ಇದು. ಬೇರೆ ನೀರಲ್ಲಿ ಒಗೀಬೇಕು ಅಂತ ಈ ಸುಳಿ. ಒಳ್ಗಡೆ ಚುಕ್ಕೆ ಒಂದೇ ಐತೆ. ಎಣ್ಮಗು.”

ನನ್ನ ಅಜ್ಜ ಶಾಲಾ ಮೇಷ್ಟ್ರು. ನನ್ನಮ್ಮ ಅವರ ಎರಡನೇ ಸೊಸೆ. ಆ ಹೆಣ್ಣುಮಗು ನಾನು.

ಕಲ್ಲಿನ ಮೇಲೆ ಕುಳಿತುಬಿಟ್ಟೆ. ಓದಲು ಬಾರದ ಜನ ಎಂದು ನಾವು ತಿಳಿದವರು ನಾನು ಹುಟ್ಟಿದ್ದನ್ನು ಬರೆದಿಟ್ಟಿದ್ದರು. ಎಂ.ಟೆಕ್. ಮಾಡಿದ ನನಗೆ ಅದನ್ನು ಓದಲು ಬಂದಿರಲಿಲ್ಲ. ಇನ್ನೂ ಬೆರಗಾದದ್ದು ಅದರ ಕಟ್ಟಿನಿಂದ. ಮೊದಲು ಕಟ್ಟೆ, ಆಮೇಲೆ ಕಲ್ಲು, ಆಮೇಲೆ ಮನೆ, ಆಮೇಲೆ ಮನೆಯೊಳಗಿನ ಆಳು. ಜಾಲದ ವಿಳಾಸಗಳನ್ನು ನಾವು ಕಟ್ಟುವುದೂ ಥೇಟ್ ಹೀಗೆಯೇ, ಮೇಲಿನಿಂದ ಕೆಳಕ್ಕೆ ಕವಲೊಡೆಯುವಂತೆ. ಜಗತ್ತಿನ ಬುದ್ಧಿವಂತರು ಸೇರಿ ಕಂಡುಹಿಡಿದದ್ದು ಎಂದು ತರಬೇತಿಯಲ್ಲಿ ನಾನೇ ಪಾಠ ಮಾಡುತ್ತಿದ್ದೆ.

“ಎರಡು ಮನೆಗೆ ಒಂದೇ ಗುರುತು ಬಿದ್ದರೆ? ನಿಮ್ಮಲ್ಲಿ ಪಟ್ಟಿಯೇ ಇಲ್ಲವಲ್ಲ.”

“ಒಸ ಮನೆ ಬಂದ್ರೆ ಗುರ್ತು ಬರೆದ ಚಿಂದಿನ ಬಟ್ಟೆ ಒಣಗಾಕೋ ಅಗ್ಗದ ಮೇಲೆ ಮೂರು ದಿನ ನೇತಾಕ್ತೀವಿ. ನಂದೈತೆ ಅನ್ನೋರು ಬಿಚ್ಚಿಡ್ತಾರೆ. ಆಗ ಇಬ್ರೂ ಒಂದೇ ಕಲ್ಲಿನ್ ಮೇಲೆ ಕುಂತು ಮಾತಾಡ್ಕೋಬೇಕು. ಜಗಳ ಆಡಂಗಿಲ್ಲ. ಮೂರು ದಿನ ಯಾರೂ ಬಿಚ್ಲಿಲ್ಲ ಅಂದ್ರೆ ನಮ್ದು.”

ಆಕ್ಷೇಪಣೆಯ ಅವಧಿ! ನಮ್ಮಲ್ಲಿ ಅದಕ್ಕೆ ಅರವತ್ತು ಪುಟದ ಕೈಪಿಡಿ ಇದೆ.

ಕಲ್ಲುಗಳ ಮೇಲೆ ಕೆತ್ತಿದ್ದ ಗುರುತುಗಳನ್ನೂ ಹಗ್ಗದ ಮೇಲಿನ ಬಟ್ಟೆಗಳ ಗುರುತುಗಳನ್ನೂ ಫೋಟೊ ತೆಗೆದುಕೊಂಡೆ. ಏಳನೇ ಕಲ್ಲಿನಲ್ಲಿ ಯಾರೂ ಒಗೆಯುತ್ತಿರಲಿಲ್ಲ. ನಾನು ನೋಡುತ್ತಿದ್ದಂತೆ ವೆಂಕಟಲಕ್ಷ್ಮಿ ಒಂದು ಬಿಂದಿಗೆ ನೀರು ತಂದು ಅದರ ಮೇಲೆ ಸುರಿದು ಹೋದಳು.

“ಅದು ಯಾಕೆ?”

“ಯಾಕೋ ಗೊತ್ತಿಲ್ಲಮ್ಮ. ನಮ್ಮತ್ತೆ ಆಕ್ತಿದ್ರು, ಅವ್ರತ್ತೇನೂ ಆಕ್ತಿದ್ರಂತೆ. ಬೆಳಿಗ್ಗೆ ಒಂದು, ಸಂಜೆ ಒಂದು. ಬ್ಯಾಸಗೇಲಿ ಮಧ್ಯಾಹ್ನಾನೂ ಆಕ್ತೀವಿ. ಆ ಕಲ್ಲು ಒಣಗಬಾರ್ದು.” ಹೇಳಿ, ಅಶ್ವತ್ಥಮ್ಮ ಮತ್ತೆ ಬಟ್ಟೆ ಕುಕ್ಕತೊಡಗಿದರು.

ಪರೀಕ್ಷೆ ಬಟ್ಟೆಯ ಮೇಲೆಯೇ ಆಗಲಿ ಎಂದು ದೇಶಪಾಂಡೆಯವರಿಗೆ ದುಂಬಾಲು ಬಿದ್ದೆ. “ಕುರುಡರ ಲಿಪಿಯನ್ನು ಪರದೆಯ ಮೇಲೆ ಓದಿಸಿದ್ದೇವೆಯೇ ಸರ್?” ಎಂದು ಕೇಳಿದೆ. ಅವರು ಗಡ್ಡ ಕೆರೆದುಕೊಂಡು ಒಪ್ಪಿದರು. ನಾನು ತೆಗೆದ ಫೋಟೊಗಳಿಂದ ಯಂತ್ರ ತನಗೆ ಬೇಕಾದ ಹತ್ತು ಗುರುತು ಆರಿಸಿ ಹತ್ತು ಬಟ್ಟೆಯ ಮೇಲೆ ಮೂಡಿಸಿತು. ಎರಡು ಕೋಣೆ, ಎರಡು ಬಕೆಟ್ ನೀರು. ಅತ್ತೆ ಒಂದರಲ್ಲಿ, ಸೊಸೆ ಒಂದರಲ್ಲಿ.

ಒಂಬತ್ತರವರೆಗೂ ಎರಡು ಕೋಣೆಯ ಉತ್ತರ ಒಂದೇ. ನಾಲ್ಕನೇ ಕಲ್ಲು, ತಮ್ಮನ ಮನೆ, ಹೆಂಗಸರದು. ಹತ್ತನೇ ಕಲ್ಲು, ಕಾಯಿಲೆಯವರ ಮನೆ, ಮಕ್ಕಳದು. ನಿಯಂತ್ರಣ ಕೋಣೆಯಲ್ಲಿದ್ದವರೆಲ್ಲ ಕೆಲಸ ಬಿಟ್ಟು ಗಾಜಿಗೆ ಮೂಗು ಒತ್ತಿ ನಿಂತಿದ್ದರು. ಹತ್ತನೆಯ ಬಟ್ಟೆ ಬಂತು. ಅಶ್ವತ್ಥಮ್ಮ ಹೆಬ್ಬೆರಳಾಡಿಸಿ ಅದನ್ನು ಬದಿಗಿಟ್ಟರು.

“ಇದು ಓದೋದಲ್ಲ. ಇದುಕ್ಕೆ ನೀರು ಆಕ್ತೀವಿ.”

ಸೊಸೆಯೂ ಆಚೆ ಕೋಣೆಯಲ್ಲಿ ಅದನ್ನೇ ಅಂದಳು. ಯಂತ್ರ ಆರಿಸಿದ್ದು ಏಳನೇ ಕಲ್ಲಿನ ಗುರುತನ್ನು. ಅರ್ಥ ಹೇಳಲಿಲ್ಲವಾದ್ದರಿಂದ ‘ಉತ್ತರವಿಲ್ಲ’ ಎಂದು ನನ್ನ ಕೈಯಾರೆ ಬರೆದೆ. ಹತ್ತಕ್ಕೆ ಒಂಬತ್ತು.

ಇದು ಸಾಲದೆಂಬಂತೆ ಹೋಲಿಕೆ ಹುಡುಕುವ ಯಂತ್ರ ಮಧ್ಯಾಹ್ನ ಕೆಂಪು ದೀಪ ಹಚ್ಚಿತು. ಕಟ್ಟೆಯ ತಲೆಗುರುತು, ಎಲ್ಲ ಗುರುತುಗಳಿಗೂ ಮೊದಲು ಬರುವ ಆ ಕೊಂಡಿ ಮತ್ತು ಎರಡು ಗೀಟು, ಪಟ್ಟಿಯಲ್ಲಿ ಆಗಲೇ ಇತ್ತು. ಲಿಪಿಯಾಗಿ ಅಲ್ಲ, ಅಂಗಡಿಯ ಲಾಂಛನವಾಗಿ. ಒಡತಿ: ಲೊರೇನ್ ಮುನ್ಸಾಮಿ. ಊರು: ಡರ್ಬನ್, ದಕ್ಷಿಣ ಆಫ್ರಿಕಾ. ವ್ಯಾಪಾರ: ಬಟ್ಟೆ ಒಗೆಯುವುದು.

“ಮುಗೀತ್ ಬಿಡ್ರಿ,” ಎಂದರು ದೇಶಪಾಂಡೆ. “ಹೆಸರು ಬ್ಯಾರೇದವರ ಹಂತ್ಯಾಕ ಐತಿ. ಹೊರಗಿನ ಓದುಗರು ಯಾರೂ ಇಲ್ಲ. ಹತ್ತನೇದು ಓದಿಲ್ಲ. ಹತ್ತು ವರ್ಷ ಆದಮ್ಯಾಲ ನೋಡೂಣು.”

ಹತ್ತು ವರ್ಷಕ್ಕೆ ಕಟ್ಟೆಯ ಮೇಲೆ ಕಂಪನಿಯ ಗೋಡೌನ್ ಎದ್ದಿರುತ್ತದೆ. ವಿಷಯ ಹೇಳಲು ನಾನೇ ಹೋದೆ. ಅಶ್ವತ್ಥಮ್ಮ ಅಳಲಿಲ್ಲ. ಡರ್ಬನ್ ಎಲ್ಲಿದೆ ಎಂದೂ ಕೇಳಲಿಲ್ಲ.

“ಗುರ್ತು ತಗಲಾಕ್ಕೊಂಡ್ರೆ ಇಬ್ರೂ ಕುಂತು ಮಾತಾಡ್ಬೇಕು. ಆಯಮ್ಮನ್ನ ಕರೀರಿ.”

“ನೀವು ಮಾತಾಡುವಂತಿಲ್ಲ ಅಶ್ವತ್ಥಮ್ಮ. ಆಕೆಗೆ ಗುರುತು ಓದಲು ಬರುತ್ತಿದ್ದರೆ ಆಕೆಯೇ ನಮ್ಮ ಮೂರನೇ ಓದುಗರು. ನೀವು ಒಂದು ಮಾತು ಆಡಿದರೂ ಸುಳಿವು ಕೊಟ್ಟಂತೆ, ಪರೀಕ್ಷೆ ರದ್ದಾಗುತ್ತದೆ.”

ಬಾಯಿಗೆ ಸೆರಗು ಒತ್ತಿಕೊಂಡು, “ಉಸ್ರೂ ಬಿಡಲ್ಲ,” ಎಂದರು.

ಮೂರನೇ ಓದುಗರು ಓದುವವರೆಗೆ ಫಲಿತಾಂಶ ಬರೆಯುವಂತಿಲ್ಲ ಎಂಬ ನಿಯಮ ತೋರಿಸಿ ದೇಶಪಾಂಡೆಯವರನ್ನು ಒಪ್ಪಿಸಿದೆ. ಡರ್ಬನ್ನಿನ ಹೆಸರುಮನೆಯವರು ಅವೇ ಹತ್ತು ಗುರುತುಗಳನ್ನು ಬಟ್ಟೆಯ ಮೇಲೆ ಮೂಡಿಸಿ, ಒಂದು ಬಕೆಟ್ ನೀರಿನೊಂದಿಗೆ ಲೊರೇನ್ ಮುಂದಿಟ್ಟರು. ನಾವು ಇಲ್ಲಿ ಪರದೆಯ ಮುಂದೆ ಕುಳಿತೆವು. ಅಶ್ವತ್ಥಮ್ಮ ನನ್ನ ಪಕ್ಕದಲ್ಲಿ, ಸೆರಗು ಬಾಯಲ್ಲಿ. ಪರದೆಯಲ್ಲಿ ಲೊರೇನ್: ಐವತ್ತರ ಆಸುಪಾಸಿನ ಹೆಂಗಸು, ಕತ್ತರಿಸಿದ ಕೂದಲು, ಪ್ಯಾಂಟು. ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ. ನಮ್ಮ ಅನುವಾದದ ಯಂತ್ರ ಕನ್ನಡದಲ್ಲಿ ಹೇಳುತ್ತಿತ್ತು.

“ನನಗೆ ಇದು ಓದಲು ಬರುತ್ತದೋ ಇಲ್ಲವೋ ಗೊತ್ತಿಲ್ಲ,” ಎಂದರು ಆಕೆ. “ಅಜ್ಜಿ ಕಲಿಸಿದ್ದು. ಅಮ್ಮ ಯಂತ್ರ ತಂದ ಮೇಲೆ ಬಿಟ್ಟುಬಿಟ್ಟೆವು. ಅಂಗಡಿಯ ಬೋರ್ಡಿಗೆ ಚೆಂದವಿದೆ ಎಂದು ಒಂದನ್ನು ಹಾಕಿಕೊಂಡಿದ್ದೇನೆ.”

ಹೇಳುತ್ತಲೇ ಮೊದಲ ಬಟ್ಟೆಯನ್ನು ನೀರಲ್ಲಿ ಅದ್ದಿದರು. ಯಾರೂ ಹೇಳಿರಲಿಲ್ಲ. ಅದ್ದಿ, ಹಿಂಡಿ, ಹೆಬ್ಬೆರಳನ್ನು ಕೆಳಗಿನಿಂದ ಮೇಲಕ್ಕೆ ಸವರಿದರು. ಅದೇ ಹೆಬ್ಬೆರಳು, ಅದೇ ಓರೆ, ಕಣ್ಣು ಅದೇ ರೀತಿ ಎಲ್ಲೋ. ಅಶ್ವತ್ಥಮ್ಮನ ಕೈ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು.

“ನಾಲ್ಕನೇ ಕಲ್ಲು. ತಮ್ಮನ ಮನೆ. ಹೆಂಗಸರ ಬಟ್ಟೆ.”

ಹಸಿರು ದೀಪ. ಎರಡನೆಯದೂ ಹಸಿರು. ಮೂರನೆಯದಕ್ಕೆ ತಡವರಿಸಿ, “ಕತ್ತಲೆ ಕೋಣೆಯ ತಾಯಿ, ಗಂಡುಮಗು,” ಎಂದರು. ಯಂತ್ರ ಅರೆಗಳಿಗೆ ಯೋಚಿಸಿ ಅದನ್ನು ಬಾಣಂತಿ ಎಂದೇ ಒಪ್ಪಿತು. ಒಂದು ಸಮುದ್ರ, ನೂರೈವತ್ತಕ್ಕೂ ಹೆಚ್ಚು ವರ್ಷ, ಮರೆತುಹೋದ ಒಂದು ಭಾಷೆ. ಇಷ್ಟು ದಾಟಿ ಬಂದ ಗೆರೆಗಳು ಬೆರಳಲ್ಲಿ ಬದುಕಿದ್ದವು. ದೇಶಪಾಂಡೆ ಕುಳಿತಿದ್ದವರು ಯಾವಾಗ ಎದ್ದು ನಿಂತರೋ ನಾನು ನೋಡಲಿಲ್ಲ.

ಒಂಬತ್ತು ಹಸಿರು. ಹತ್ತನೆಯ ಬಟ್ಟೆಯನ್ನು ಲೊರೇನ್ ಅದ್ದಿದರು, ಸವರಿದರು, ಬದಿಗಿಟ್ಟರು. ನಾನು ಕಣ್ಣು ಮುಚ್ಚಿಕೊಂಡೆ.

“ಇದನ್ನು ಓದುವುದಿಲ್ಲ,” ಎಂದರು ಲೊರೇನ್. “ಇದಕ್ಕೆ ನೀರು ಹಾಕುತ್ತೇವೆ.”

ಅನುವಾದ ಯಂತ್ರದ ಸಪಾಟು ದನಿಯಲ್ಲಿ ಆ ಮಾತು ಕೋಣೆಯಲ್ಲಿ ನಿಂತಿತು. ಲೊರೇನ್ ಏನೋ ತಪ್ಪಾಯಿತೆಂದು ಭಾವಿಸಿ ವಿವರಿಸತೊಡಗಿದರು. “ಕ್ಷಮಿಸಿ, ಅದು ನಮ್ಮ ಮನೆಯ ಒಂದು ಹಳೆಯ ಪದ್ಧತಿ. ನಮ್ಮ ಹಿತ್ತಲಲ್ಲಿ ಈ ಗುರುತಿನ ಒಂದು ಕಲ್ಲಿದೆ, ಉಂಗೇನಿ ಹೊಳೆಯಿಂದ ತಂದದ್ದು. ಮದ್ರಾಸಿನಲ್ಲಿ ಹಡಗು ಹತ್ತಿದ ನಮ್ಮ ಹಿರಿಯಜ್ಜಿ ಊರು ಬಿಡುವಾಗ ತನ್ನ ಅಕ್ಕನಿಗೆ, ಕಲ್ಲು ಒಣಗುವುದರೊಳಗೆ ಬರುತ್ತೇನೆ ಎಂದು ಹೇಳಿ ಬಂದಿದ್ದಳಂತೆ. ಕಬ್ಬಿನ ತೋಟದ ಕೂಲಿಗೆ ಐದು ವರ್ಷದ ಕರಾರು. ವಾಪಸು ಹೋಗಲಾಗಲಿಲ್ಲ. ಕಲ್ಲು ಒಣಗಿದರೆ ಮಾತು ಸುಳ್ಳಾಗುತ್ತದೆ ಎಂದು ದಿನವೂ ನೀರು ಹಾಕುತ್ತಿದ್ದಳು. ನಾವೂ ಹಾಕುತ್ತೇವೆ. ಊರು ಯಾವುದೆಂದು ಮಾತ್ರ ಯಾರಿಗೂ ಗೊತ್ತಿಲ್ಲ.”

ನಾನು ಅಶ್ವತ್ಥಮ್ಮನ ಕಡೆ ತಿರುಗಿದೆ. ಸೆರಗು ಇನ್ನೂ ಬಾಯಲ್ಲೇ ಇತ್ತು. ಪರೀಕ್ಷೆ ಮುಗಿದಿಲ್ಲವೆಂದು ಆಕೆ ಮಾತು ತಡೆದುಕೊಂಡಿದ್ದರು. ಕಣ್ಣೀರು ಗಲ್ಲ ದಾಟಿ ಸೆರಗು ನೆನೆಸುತ್ತಿತ್ತು. ಅವರ ಕಟ್ಟೆ ಆ ಕಲ್ಲನ್ನು ಒಣಗಲು ಬಿಟ್ಟಿರಲಿಲ್ಲ. ಯಾಕೆಂದು ಮರೆತಿದ್ದರು, ನೀರು ಹಾಕುವುದನ್ನು ಮರೆತಿರಲಿಲ್ಲ.

ದೇಶಪಾಂಡೆ ನನ್ನ ಮೇಜಿನಿಂದ ದಾಖಲೆ ಎಳೆದುಕೊಂಡು, ನಾನು ‘ಉತ್ತರವಿಲ್ಲ’ ಎಂದು ಬರೆದಿದ್ದ ಎರಡು ಕಡೆಯೂ ತಾವೇ ಗೀಟು ಹಾಕಿದರು. “ಉತ್ತರ ಐತಲ್ರೀ,” ಎಂದರು. “ಮೂವರೂ ಒಂದಽ ಉತ್ತರ ಕೊಟ್ಟಾರ. ಹತ್ತಕ್ಕ ಹತ್ತು. ಅಮ್ಮಾರ, ಈಗ ಮಾತಾಡ್ರಿ.”

ಅಶ್ವತ್ಥಮ್ಮ ಸೆರಗು ತೆಗೆದರು. ಅಷ್ಟು ಹೊತ್ತು ತಡೆದಿಟ್ಟುಕೊಂಡ ಮಾತು ಒಂದೇ ಆಗಿತ್ತು.

“ಒಣಗಿಲ್ಲ ಕಣವ್ವಾ. ಕಲ್ಲು ಇನ್ನೂ ಒಣಗಿಲ್ಲ.”

ಅನುವಾದ ಯಂತ್ರ ಹೇಳಿ ಮುಗಿಸುವ ಮೊದಲೇ ಆಚೆ ಲೊರೇನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು.

ಲೊರೇನರ ಒಪ್ಪಿಗೆ ಪತ್ರ ಆ ಸಂಜೆಯೇ ಬಂತು. ಆದರೂ ಅಶ್ವತ್ಥಮ್ಮ ತಮ್ಮ ಪದ್ಧತಿ ಬಿಡಲಿಲ್ಲ. ಕಟ್ಟೆಯ ಗುರುತು ಬರೆದ ಚಿಂದಿಯನ್ನು ಹಗ್ಗದ ಮೇಲೆ ಮೂರು ದಿನ ನೇತುಹಾಕಿದರು. ಡರ್ಬನ್ನಿನಲ್ಲೂ ಒಂದು ಚಿಂದಿ ನೇತಾಡಿತು. ಯಾರೂ ಬಿಚ್ಚಲಿಲ್ಲ. ನಾಲ್ಕನೆಯ ಬೆಳಿಗ್ಗೆ ಮೂಲಪಟ್ಟಿಗೆ ಆ ಕೊಂಡಿ ಮತ್ತು ಎರಡು ಗೀಟನ್ನು ಸೇರಿಸಿದವಳು ನಾನು. ಜಗತ್ತಿನ ಅಷ್ಟೂ ಯಂತ್ರಗಳಿಗೆ ಆ ಹೆಸರು ಹರಡಲು ನಲವತ್ತು ಸೆಕೆಂಡು ಹಿಡಿಯಿತು. ನಕಾಶೆಯ ಮೇಲೆ ಒಂದೊಂದೇ ದೀಪ ಹತ್ತುವುದನ್ನು ನೋಡುತ್ತ ಎದ್ದು ನಿಂತಿದ್ದೆ. ಹನ್ನೊಂದು ವರ್ಷದಲ್ಲಿ ಎಂದೂ ಎದ್ದು ನಿಂತಿರಲಿಲ್ಲ.

ಯುಗಾದಿ ಕಳೆದು ಒಂದು ವಾರಕ್ಕೆ ಕಟ್ಟೆಗೆ ಹೋಗಿದ್ದೆ, ಅಮ್ಮನ ಸೀರೆ ಒಗೆಯಲು ಕೊಡುವ ನೆಪ ಮಾಡಿಕೊಂಡು. ಆಸ್ಪತ್ರೆಯ ಬಟ್ಟೆ ಇಳಿಸಿ ಒಂದು ಆಳಿಲ್ಲದ ಗಾಡಿ ಹೊರಟಿತ್ತು. ಇನ್ನೊಂದು ಬಂದು ನಿಂತಿತು. ಅದರೊಳಗೆ ಒಂದೇ ಒಂದು ಪುಟ್ಟ ಬಟ್ಟೆಯ ಪೊಟ್ಟಣ. ಊರು, ದೇಶ, ಪಿನ್‌ಕೋಡು ಏನೂ ಬರೆದಿರಲಿಲ್ಲ. ಹೊದಿಕೆಯ ಮೂಲೆಯಲ್ಲಿ ಕಟ್ಟೆಯ ತಲೆಗುರುತು, ಅದರ ಪಕ್ಕ ಏಳನೇ ಕಲ್ಲಿನ ಗುರುತು, ಅಷ್ಟೇ. ಡರ್ಬನ್ನಿನ ಬಂದರಿನಿಂದ ಇಲ್ಲಿಯವರೆಗೆ ಎಷ್ಟು ಯಂತ್ರಗಳು ಅದನ್ನು ಓದಿ ಒಂದರ ಕೈಯಿಂದ ಇನ್ನೊಂದರ ಕೈಗೆ ದಾಟಿಸಿದ್ದವೋ! ಒಂದೂ ದಾರಿ ತಪ್ಪಿರಲಿಲ್ಲ.

ಒಳಗೆ ಒಂದು ಹಳೆಯ ಸೀರೆಯ ತುಂಡು, ಮಡಿಕೆಗಳಲ್ಲಿ ಹರಿದಿತ್ತು. ಅಶ್ವತ್ಥಮ್ಮ ಅದನ್ನು ನೀರಲ್ಲಿ ಅದ್ದಿ ಅಂಚು ಸವರಿದರು.

“ಏನ್ ಬರ್ದೈತೆ?” ಎಂದು ವೆಂಕಟಲಕ್ಷ್ಮಿ ಕೇಳಿದಳು.

“ತಂಗಿ ಸೀರೆ,” ಎಂದರು.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂಬ ಗಾದೆಯನ್ನು ಯಾರೋ ಅಂದರು, ಎಲ್ಲರೂ ನಕ್ಕರು. ಅಶ್ವತ್ಥಮ್ಮ ನಗಲಿಲ್ಲ. ಸೀರೆಯನ್ನು ಎತ್ತಿಕೊಂಡು, ಯಾರೂ ಒಗೆಯದ ಏಳನೇ ಕಲ್ಲಿನ ಮುಂದೆ ಹೋಗಿ ನಿಂತರು. ಬೆಳಗಿನ ನೀರು ಅದರ ಮೇಲೆ ಇನ್ನೂ ಮಿನುಗುತ್ತಿತ್ತು.

“ಬಂದ್ಯಲ್ಲ ತಾಯಿ, ಕಲ್ಲು ಒಣಗೋದ್ರೊಳ್ಗೆ,” ಎಂದು, ಬಟ್ಟೆಗೆ ನೋವಾಗದಂತೆ ಮೆಲ್ಲಗೆ, ಮೊದಲ ಏಟು ಒಗೆದರು.